ನೆರಳಿಲ್ಲದ ಹದ್ದು

ನನ್ನ ಗಂಡನಷ್ಟು ಚೆನ್ನಾಗಿ ಸಾಯುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಗಾಬರಿಯಾಗಬೇಡಿ, ಬಯಲಾಟದ ಮಾತು ಹೇಳುತ್ತಿದ್ದೇನೆ. ಹಗಲೆಲ್ಲ ಸಂಡೂರಿನ ಗುಡ್ಡಗಳಿಂದ ಅದಿರಿನ ಟಿಪ್ಪರ್ ಇಳಿಸುವ ಮನುಷ್ಯ ಆಟವಿದ್ದ ಸಂಜೆ ಕಿರೀಟ ಕಟ್ಟಿಕೊಂಡು ರಾಜನಾಗುತ್ತಾರೆ. ರಾಜನಾದ ಮೇಲೆ ಕೊನೆಗೆ ಸಾಯಲೇಬೇಕು. ಏಕೆಂದರೆ ಮೇಳಕ್ಕೆ ಆಟ ಬರೆದುಕೊಡುವವಳು ನಾನು, ಗೆಲ್ಲುವ ರಾಜರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಹಗಲು ರವಿಕೆ, ಸಂಜೆ ಯುದ್ಧ.

ಈಚೆಗೆ ನನ್ನ ಆಟ ನೋಡಿದವರು ಒಂದೇ ಪ್ರಶ್ನೆ ಕೇಳುತ್ತಾರೆ. ಅಷ್ಟು ಚೆಂದದ ಗುಟ್ಟಿನ ಯಂತ್ರವನ್ನು ಕೈಯಲ್ಲಿಟ್ಟುಕೊಂಡು ಆಟಕ್ಕೆ ಒಂದೇ ಸಲ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು ತರುತ್ತೀರಲ್ಲ, ಯಾಕೆ? ಕೇಳುವವರಲ್ಲಿ ಹೊಸದಾಗಿ ಬರೆಯುವವರೂ ಇದ್ದಾರೆ. ಅವರ ಯುದ್ಧಗಳಲ್ಲಿ ಮೊದಲ ಪುಟದಿಂದಲೇ ಆಕಾಶದಲ್ಲಿ ಏನೇನೋ ಹಾರುತ್ತಿರುತ್ತವೆ. ಜರಿ ಅಂಚಿಗೆ ಚೆಂದ, ಇಡೀ ರವಿಕೆಗೆ ಹಚ್ಚಿದರೆ ಮೈ ಕೆರೆಯುತ್ತದೆ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಒಂದು ಸಲಕ್ಕೂ ಆಟ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕಾದವಳು ನಾನು. ಪೂರ್ತಿ ನಿಜವನ್ನು ಬಾಯಿಬಿಟ್ಟು ಹೇಳಲು ನನಗೆ ಇನ್ನೂ ಹೆದರಿಕೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮೇಳದ ಒಂದು ರೂಢಿ ಹೇಳಬೇಕು. ಬೇರೆ ಮೇಳಗಳಲ್ಲಿ ಇದೆಯೋ ಇಲ್ಲವೋ ನಾನರಿಯೆ. ಯುದ್ಧದಲ್ಲಿ ಹೊಡೆಯುವವನು ಎದುರಿಗೆ ಬಂದು ನಿಂತು ತನ್ನ ಹೆಸರೇನು, ತಾನು ಯಾರ ಮಗ, ಕೈಯಲ್ಲಿರುವ ಆಯುಧ ಯಾವುದು ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಹೊಡೆತ. ಬಿದ್ದವನು ಬಿದ್ದಲ್ಲೇ ಇರುತ್ತಾನೆ, ಅವನ ಮುಂದೆ ಪರದೆ ಹಿಡಿಯುತ್ತಾರೆ. ಪರದೆಯ ಹಿಂದೆ ಹೊಡೆದವನೇ ಬಂದು ಬಲಗೈ ಕೊಟ್ಟು ಎಬ್ಬಿಸಿ, ತನ್ನ ಬಟ್ಟೆಯ ಅಂಚಿನಿಂದ ಅವನ ಹಣೆಯ ತಿಲಕ ಒರೆಸಿ, ‘ಏಳಪ್ಪ, ಆಟ ಮುಗೀತು, ಮನಿಗೆ ನಡಿ’ ಅನ್ನಬೇಕು. ಬೇರೆ ಯಾರೂ ಕೈ ಕೊಡುವಂತಿಲ್ಲ, ಬಿದ್ದವನು ತಾನಾಗಿ ಏಳುವಂತೆಯೂ ಇಲ್ಲ. ಬರೀ ಮೂರ್ಛೆ ಹೋಗಿ ಬಿದ್ದರೂ ಇದೇ ರೂಢಿ. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೆ. ರವಿಕೆ ಮುಗಿದ ಮೇಲೆ ಕಚ್ಚಾ ಹೊಲಿಗೆಯ ದಾರ ಎಳೆದು ಬಿಸಾಡುತ್ತೇವಲ್ಲ, ಅಂಥದ್ದೇನೋ ಅಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚಿನ ಯೋಚನೆ ಮಾಡಿರಲಿಲ್ಲ.

ಆ ವರ್ಷ ನಾನು ಬರೆದ ಆಟದಲ್ಲಿ ಎರಡು ರಾಜ್ಯಗಳಿದ್ದವು, ಎರಡೂ ನನ್ನ ತಲೆಯಲ್ಲಿ ಹುಟ್ಟಿದವು. ಒಂದು ಬಂಡೆಗಳ ನಾಡು, ಅದರ ರಾಜ ನನ್ನ ಗಂಡ. ಇನ್ನೊಂದು ಹೊಳೆಯಾಚೆಯ ನಾಡು. ಅದರ ರಾಜನ ಪಾತ್ರ ಕಮಲಾಪುರದಲ್ಲಿ ಬಾಳೆ ಬೆಳೆಯುವ ಒಬ್ಬರದು. ಹೆಗಲು ಅಗಲ, ದನಿ ಅದಕ್ಕಿಂತ ಅಗಲ. ಬಂಡೆಗಳ ನಾಡು ಏನು ಮಾಡಿದರೂ ಸೋಲುವುದಿಲ್ಲ. ಆಗ ಹೊಳೆಯಾಚೆಯ ರಾಜ ಗುಟ್ಟಾಗಿ ಒಂದು ಯಂತ್ರ ಮಾಡಿಸುತ್ತಾನೆ. ನೆರಳಿಲ್ಲದ ಹದ್ದು ಎಂದು ಅದಕ್ಕೆ ಹೆಸರಿಟ್ಟೆ. ಅದು ಆಟದ ಕೊನೆಯಲ್ಲಿ ಒಮ್ಮೆ ಬಂದು ರಾಜನನ್ನು ಕೊಂದು ಹೋಗುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ತಡೆಯುವ ಮಾತಂತೂ ದೂರ.

ಹೊಸಪೇಟೆಯಲ್ಲಿ ಮದುವೆಗಳ ವಿಡಿಯೋ ತೆಗೆಯುವವರೊಬ್ಬರು ತಮ್ಮ ಡ್ರೋನ್ ತಂದರು. ಅದಕ್ಕೆ ಕಪ್ಪು ಬಣ್ಣ ಬಳಿದು, ದೀಪಗಳ ಮೇಲೆ ಕಪ್ಪು ಟೇಪು ಅಂಟಿಸಿದೆವು. ಅದರ ಹೊಟ್ಟೆಗೆ ಕಟ್ಟಲು ನಾನೇ ಒಂದು ಸಣ್ಣ ಚೀಲ ಹೊಲಿದೆ. ದಾರ ಸಡಿಲಾದರೆ ಚೀಲದ ಬಾಯಿ ತೆರೆದು ಒಂದು ಹಿಡಿ ಕೆಂಪು ಅದಿರಿನ ಧೂಳು ರಾಜನ ಮೇಲೆ ಉದುರಬೇಕು. ಧೂಳಿಗೆ ಅಂಗಡಿಗೆ ಹೋಗಬೇಕಾಗಿರಲಿಲ್ಲ, ಗಂಡನ ಅಂಗಿ ಕೊಡವಿದರೆ ಸಾಕಿತ್ತು.

ಮೊದಲ ಆಟ ಬಂಡ್ರಿಯಲ್ಲಿ. ಈಗ ಬೆಳಗಿನ ತನಕ ಕೂತು ಆಟ ನೋಡುವವರು ಯಾರಿದ್ದಾರೆ? ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಿಬಿಡುತ್ತೇವೆ. ಕೊನೆಯ ಯುದ್ಧ ಬಂತು. ಮದ್ದಳೆ ಒಮ್ಮೆಲೇ ನಿಂತಿತು. ಆ ಮೌನದೊಳಗೆ ಎಲ್ಲಿಂದಲೋ ದುಂಬಿಯಂಥ ಸದ್ದು ಕೇಳಿಸಿತು. ಕಡಲೆ ಮೆಲ್ಲುತ್ತಿದ್ದವರ ಬಾಯಿ ನಿಂತಿತು. ಸದ್ದು ನಮ್ಮೆಲ್ಲರ ತಲೆಯ ಮೇಲೆ ಹಾದುಹೋಯಿತು, ಕಣ್ಣಿಗೆ ಮಾತ್ರ ಏನೂ ಬೀಳಲಿಲ್ಲ. ನನ್ನ ಗಂಡ ‘ಯಾರಲ್ಲಿ?’ ಎಂದು ಗರ್ಜಿಸಿದರು. ಬಯಲಾಟದ ರಾಜರೆಲ್ಲ ಹಾಗೇ ಕೂಗುವುದು, ಸೇವಕನೊಬ್ಬ ಓಡಿ ಬರಬೇಕು. ಯಾರೂ ಬರಲಿಲ್ಲ. ಎದೆಯ ಮೇಲೆ ಕೆಂಪು ಉದುರಿತು, ರಾಜ ಬಿದ್ದ. ಜನ ಚಪ್ಪಾಳೆ ಹೊಡೆಯುವುದನ್ನೂ ಮರೆತು ಕೂತಿದ್ದರು. ನಾನು ಬರೆದ ಯುದ್ಧಕ್ಕೆ ನನಗೇ ಮೈ ಜುಮ್ಮೆಂದಿತು. ಹೆಮ್ಮೆ ಪಟ್ಟೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಪರದೆ ಹಿಡಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಎಬ್ಬಿಸುವವರು ಯಾರು?

‘ನಾ ಹೊಡದಿಲ್ರಿ ಮಾಸ್ತರ’ ಅಂದರು ಹೊಳೆಯಾಚೆಯ ರಾಜನಾದ ಬಾಳೆಯವರು. ಹದ್ದಿನ ದೃಶ್ಯದಲ್ಲಿ ಅವರು ರಂಗದ ಮೇಲೇ ಇರಲಿಲ್ಲ.

ವಿಡಿಯೋದವರು ವೇಷ ಕಟ್ಟಿದವರಲ್ಲ, ಪ್ಯಾಂಟು ಹಾಕಿಕೊಂಡು ರಿಮೋಟು ಹಿಡಿದವರು. ಅವರು ವೇಷಧಾರಿಯನ್ನು ಮುಟ್ಟುವಂತಿಲ್ಲ. ನಮಗೆಲ್ಲ ಆಟ ಕಲಿಸುವ ಮಾಸ್ತರರು ಗಡ್ಡ ಕೆರೆದುಕೊಂಡು, ‘ಒಂದ್ ಸಲಕ್ಕ ಏನಾಗ್ತೈತಿ, ನೀನ ಏಳಪ್ಪ’ ಅಂದರು. ನನ್ನ ಗಂಡ ನಗುತ್ತಾ ಎದ್ದು ಮೈ ಕೊಡವಿಕೊಂಡರು.

ನಿಜಕ್ಕೂ ಆ ಒಂದು ಸಲಕ್ಕೆ ಏನೂ ಆಗಲಿಲ್ಲ. ಮುಂದಿನದೇ ಕಥೆ.

ಬಂಡ್ರಿಯ ಸುದ್ದಿ ಮೊಬೈಲಿನಲ್ಲಿ ನಮಗಿಂತ ಮುಂಚೆ ಊರೂರು ಮುಟ್ಟಿತ್ತು. ಸಂಡೂರಿನವರು ಬಂದು, ‘ಹದ್ದು ಭಾಳ ಮಸ್ತ್ ಐತಂತ್ರಿ, ನಮ್ಮಲ್ಲಿ ಮೂರ್ ಸಲಾನಾದ್ರೂ ಬರಬೇಕು’ ಅಂದರು. ಮಾಸ್ತರರು ಹೂಂ ಅಂದುಬಿಟ್ಟಿದ್ದರು. ನಾನು ಕತ್ತರಿ ಕೆಳಗಿಟ್ಟು ಜಗಳಕ್ಕೆ ನಿಂತೆ.

‘ಮಾಸ್ತರ, ಅಂಥಾ ಹದ್ದು ಕೈಯಾಗಿದ್ರ ಆ ರಾಜ ಮೊದಲನೇ ದಿನಾನ ಹೊಡೀತಿದ್ದ. ಅಷ್ಟು ಮಂದೀನ ಕತ್ತಿ ಕೊಟ್ಟು ಸಾಯಾಕ ಯಾಕ ಕಳಸ್ತಾನ?’

‘ಅದನ್ನ ಯಾರ್ ಕೇಳ್ತಾರ ತಂಗಿ? ನೀ ಏನರ ಬರದು ಕೂಡಸು.’

ಬರೆದು ಕೂಡಿಸಿದೆ. ಮೊದಲ ಸಲ ಹದ್ದಿಗೆ ಗುರಿ ತಪ್ಪಿತೆಂದು ರಾಜನಿಗೆ ಮೂರ್ಛೆ ಬರಿಸಿದೆ. ಎರಡನೇ ಸಲ ಮೋಡ ಅಡ್ಡ ಬಂತೆಂದು ಮತ್ತೊಂದು ಮೂರ್ಛೆ. ಒಂದು ಯಂತ್ರ ಉಳಿಸಿಕೊಳ್ಳಲು ಎಷ್ಟು ಸುಳ್ಳು ಹೊಲಿಯಬೇಕು ಎಂಬುದು ಆಗ ಗೊತ್ತಾಯಿತು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಮೂರೂ ಸಲ ಬಿದ್ದ ರಾಜ ತಾನಾಗಿಯೇ ಏಳಬೇಕಾಯಿತು.

ಸಂಡೂರಿನಲ್ಲಿ ಜನರ ನಡುವೆ ಕೂತು ನೋಡಿದೆ. ಹದ್ದು ಒಮ್ಮೆ ಬಂದು ಹೋದ ಮೇಲೆ ಯಾರ ಕಣ್ಣೂ ರಂಗದ ಮೇಲೆ ನಿಲ್ಲಲಿಲ್ಲ. ಬಾಳೆಯವರು ಹೆಜ್ಜೆ ಹಾಕಿ ಬೆವರು ಸುರಿಸಿದರು, ಜನ ಮೇಲೆ ನೋಡಿದರು. ನನ್ನ ಗಂಡ ರಾಣಿಗೆ ಕೊನೆಯ ಮಾತು ಹೇಳಿದರು, ಜನ ಮೇಲೆ ನೋಡಿದರು. ಕೊನೆಗೆ ರಂಗದ ಮೇಲಿದ್ದವರೂ ಮಾತಿನ ನಡುವೆ ಕತ್ತೆತ್ತತೊಡಗಿದರು. ಅಷ್ಟೂ ಜನ ಬಾಯಿ ತೆರೆದು ಖಾಲಿ ಆಕಾಶ ನೋಡುತ್ತಿದ್ದರು, ಸಾಯುವವನನ್ನು ನೋಡುವವರು ಯಾರೂ ಇರಲಿಲ್ಲ. ಹದ್ದು ಸಾಕು ಎಂದು ಮಾಸ್ತರರಿಗೆ ಹೇಳಿದೆ. ಆದರೆ ಆಟಕ್ಕೆ ಕರೆ ಮೇಲೆ ಕರೆ ಬರುತ್ತಿತ್ತು, ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುವವರಿರಲಿಲ್ಲ.

ಮನೆಯಲ್ಲಿ ಬದಲಾದದ್ದು ಮೊದಲು ಫ್ಯಾನು. ಒಂದು ಮಧ್ಯಾಹ್ನ ನಾನು ಒಳಗೆ ಬಂದರೆ ಗಂಡ ಬೆವರಿನಲ್ಲಿ ತೊಯ್ದು ಕೂತಿದ್ದರು, ಫ್ಯಾನು ನಿಲ್ಲಿಸಿದ್ದರು. ಹೊಸಪೇಟೆಯ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸುವ ಮನುಷ್ಯನನ್ನು ನಾನು ಕಂಡಿರಲಿಲ್ಲ.

‘ಯಾಕ್ರಿ?’

‘ಸದ್ದು’ ಅಂದರು.

ಆಮೇಲೆ ಹಣೆಯ ಕೆಂಪು, ವೇಷದ ತಿಲಕ ಇಡುವ ಜಾಗದಲ್ಲೇ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ, ಸೀಗೆಪುಡಿ ಹಾಕಿದರೂ ಹೋಗಲಿಲ್ಲ. ಅದಿರಿನ ಕಲೆ ನಮ್ಮಂಥವರ ಮನೆಗೆ ಹೊಸದಲ್ಲ, ನಮ್ಮ ಬಿಳಿ ಬನಿಯನ್ನುಗಳೆಲ್ಲ ಇಟ್ಟಿಗೆ ಬಣ್ಣದವೇ. ಆದರೆ ಅದು ಬಟ್ಟೆಗೆ ಹತ್ತುತ್ತದೆ, ಚರ್ಮಕ್ಕೆ ಹತ್ತಿ ಹೀಗೆ ಕೂರುವುದಿಲ್ಲ. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು ಬಾಲ ಆಡಿಸಿ ಓಡಿ ಬರುತ್ತಿದ್ದ ಬೀದಿನಾಯಿ, ಈಗ ಅವರು ಬಂದರೆ ಎದ್ದು ಗೋಡೆಗೆ ಅಂಟಿಕೊಂಡು ದೂರ ಸರಿಯುತ್ತಿತ್ತು.

ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ನಡುಮನೆಯಿಂದ ‘ಯಾರಲ್ಲಿ?’ ಎಂದು ಕೇಳಿಸಿತು.

ತಮಾಷೆ ಎಂದುಕೊಂಡು, ‘ನಾನ ಮಹಾರಾಜರ, ನಿಮ್ಮ ಹೇಂತಿ’ ಅಂದೆ.

ನಗು ಕೇಳಿಸಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಅಂಗಾತ ಮಲಗಿದ್ದಾರೆ, ಕಣ್ಣು ತೆರೆದಿದೆ, ನೋಟ ಜಂತಿಯ ಮೇಲಿದೆ. ನನ್ನನ್ನು ಕೇಳಿದ್ದಲ್ಲ. ಕೈಯಲ್ಲಿದ್ದ ಹಿಟ್ಟು ಅಲ್ಲೇ ಒಣಗಿತು, ತೊಳೆಯಬೇಕೆಂದೂ ತೋಚಲಿಲ್ಲ.

ಅದಾದ ಮೇಲೆ ದಿನಾ ಕೇಳಿಸತೊಡಗಿತು. ಊಟದ ನಡುವೆ, ಸ್ನಾನದ ಮನೆಯಿಂದ, ನಡುಹಗಲಿನಲ್ಲಿ. ಕೂಗಿನಲ್ಲಿ ಗರ್ಜನೆ ಉಳಿದಿರಲಿಲ್ಲ. ಕತ್ತಲ ಕೋಣೆಯಲ್ಲಿ ಗೋಡೆ ತಡವುವವರ ದನಿ ಅದು. ಒಮ್ಮೆ ಸಂಡೂರಿನ ದಾರಿಯಲ್ಲಿ ತುಂಬಿದ ಟಿಪ್ಪರನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಇಳಿದು, ಮೇಲೆ ನೋಡುತ್ತಾ ನಿಂತುಬಿಟ್ಟರಂತೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಸುತ್ತಿಕೊಂಡು ಹೋದವು. ಸುಧಾರಿಸಿಕೊಂಡು ಬಾ ಎಂದು ಕೆಲಸದಿಂದ ಮನೆಗೆ ಕಳಿಸಿದರು. ಡಾಕ್ಟರರಿಗೆ ತೋರಿಸಿದೆ. ನಿದ್ದೆಗೆ ಗುಳಿಗೆ ಕೊಟ್ಟರು. ಗುಳಿಗೆ ನುಂಗಿ ನಿದ್ದೆ ಮಾಡಿದರು, ಕಣ್ಣು ತೆರೆದುಕೊಂಡೇ.

ಕೆಲಸ ಹೋಗಲಿ, ಹೊಲಿಗೆಯಲ್ಲಿ ಅನ್ನ ಹುಟ್ಟುತ್ತದೆ. ನನಗೆ ಬೇಕಾಗಿದ್ದದ್ದು ನನ್ನ ಗಂಡ. ಮಿರ್ಚಿ ಭಜಿ ತಿಂದು ಖಾರ ಆಯಿತೆಂದು ನನ್ನನ್ನೇ ಬೈಯುವ ಆ ಮನುಷ್ಯ. ಅವರು ದಿನದಿಂದ ದಿನಕ್ಕೆ ಎಲ್ಲಿಗೋ ಹೋಗುತ್ತಿದ್ದರು. ಮನೆಯಲ್ಲಿ ಉಳಿದಿದ್ದದ್ದು ಬಿದ್ದ ರಾಜ.

ಇಷ್ಟಾದರೂ ಆಟಕ್ಕೆ ಮಾತ್ರ ಹೋಗುತ್ತಿದ್ದರು. ಬಿಡಿಸಲು ನೋಡಿದೆ. ವೇಷ ಕಟ್ಟಿದಾಗ ಮಾತ್ರ ಅವರ ಕಾಲಲ್ಲಿ ಬಲ ಇರುತ್ತಿತ್ತು. ಅಷ್ಟು ಹೊತ್ತಾದರೂ ನಡೆದಾಡಲಿ ಎಂದು ಸುಮ್ಮನಾದೆ.

ಹೀಗಿರುವಾಗ ಕಮಲಾಪುರದಲ್ಲಿ ಆಟ ಬಂತು. ಪಕ್ಕದಲ್ಲೇ ಹಂಪಿ, ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ನನಗೆ ಹಬ್ಬವಾಯಿತು. ಹದ್ದನ್ನು ಕಿತ್ತುಹಾಕಿ ಕೊನೆಯ ಯುದ್ಧವನ್ನು ಕತ್ತಿಗೆ ಬರೆದುಕೊಟ್ಟೆ. ಬಾಳೆಯವರು ತಮ್ಮೂರಿನ ಜನರೆದುರು ಎದೆ ಸೆಟೆಸಿ ನಿಂತು ಹೆಸರು ಹೇಳಿದರು, ತಂದೆಯ ಹೆಸರು ಹೇಳಿದರು, ಕತ್ತಿಯ ಹೆಸರು ಹೇಳಿ ಹೊಡೆದರು. ಯಾರೂ ಮೇಲೆ ನೋಡಲಿಲ್ಲ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪರದೆಯ ಹಿಂದೆ ಬಾಳೆಯವರು ಕೈ ಕೊಟ್ಟು, ‘ಏಳಪ್ಪ, ಆಟ ಮುಗೀತು, ಮನಿಗೆ ನಡಿ’ ಅಂದರು.

ಅವತ್ತು ಬಸ್ಸಿನಲ್ಲಿ ನನ್ನ ಗಂಡ ಮಿರ್ಚಿ ತಿಂದರು. ಖಾರ ಆಯಿತೆಂದು ಬೈದರು. ಮನೆಗೆ ಬಂದು ಫ್ಯಾನು ಹಾಕಿ ಗೊರಕೆ ಹೊಡೆದರು. ನಾನು ಆ ಗೊರಕೆ ಕೇಳುತ್ತಾ ಅತ್ತೆ.

ಎರಡು ದಿನ ಚೆನ್ನಾಗಿದ್ದರು. ಮೂರನೆಯ ದಿನ ಮತ್ತೆ ಫ್ಯಾನು ನಿಂತಿತು. ನಾನು ಅವರ ಭುಜ ಹಿಡಿದು ಅಲುಗಿಸಿದೆ.

‘ಎಬ್ಬಿಸಿದ್ರಲ್ರಿ! ಕಮಲಾಪುರದಾಗ ಎಬ್ಬಿಸಿದ್ರಲ್ರಿ ನಿಮ್ಮನ್ನ! ಮತ್ಯಾಕ್ರಿ ಹಿಂಗ?’

ನನ್ನ ಕಡೆ ತಿರುಗದೆ ಹೇಳಿದರು. ‘ಅವ ಎಬ್ಬಿಸಿದ್ದು ಅವ ಹೊಡದದ್ದಕ್ಕ. ಉಳಿದವಕ್ಕ ಯಾರ್ ಬರಬೇಕು?’

ಆ ಸಂಜೆಯೇ ಮಾಸ್ತರರ ಮನೆಗೆ ಹೋಗಿ, ಇನ್ನು ಮುಂದೆ ಹದ್ದು ಹಾರಿದರೆ ಆಟ ನನ್ನದಲ್ಲ, ಬರೆದದ್ದನ್ನೆಲ್ಲ ಒಲೆಗೆ ಹಾಕುತ್ತೇನೆ ಅಂದೆ. ಕಂಪ್ಲಿಯವರಿಗೆ ಮಾತು ಕೊಟ್ಟಾಗಿದೆ, ಇದೊಂದು ಬಿಡು ಎಂದು ಅವರು ಗೋಗರೆದರು. ಬಿಡಲಿಲ್ಲ. ಕೊನೆಗೆ ಕತ್ತಿಯ ಯುದ್ಧವೇ ಎಂದು ತೀರ್ಮಾನವಾಯಿತು. ನನಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಕಂಪ್ಲಿಗೆ ಹೋದ ಕೂಡಲೇ ಡ್ರೋನಿನ ಡಬ್ಬಿಯನ್ನು ವಿಡಿಯೋದವರಿಂದ ಇಸಿದುಕೊಂಡು, ರಂಗದ ಪಕ್ಕದಲ್ಲಿ ಅದರ ಮೇಲೇ ಕೂತೆ. ಅವರು ನಕ್ಕರು. ನಾನು ಏಳಲಿಲ್ಲ.

ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆಟ ಚೆನ್ನಾಗಿಯೇ ನಡೆಯಿತು. ಕೊನೆಯ ಯುದ್ಧಕ್ಕೆ ಬಾಳೆಯವರು ಕತ್ತಿ ಹಿರಿದು ಬಂದು, ಹೆಸರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮದ್ದಳೆ ನಿಂತಿತು. ನಿಲ್ಲಬೇಕಾದ ಜಾಗ ಅದಲ್ಲ. ಯಾಕೆ ನಿಲ್ಲಿಸಿದಿರಿ ಎಂದು ಬಾರಿಸುವವರನ್ನು ಆಮೇಲೆ ಕೇಳಿದ್ದಕ್ಕೆ, ಕೈ ಏಳಲಿಲ್ಲ ಅಂದರು.

ಆ ಮೌನದಲ್ಲಿ ದುಂಬಿಯ ಸದ್ದು ಬಂತು.

ಮೊದಲು ನನ್ನ ಕಿವಿಯ ಭ್ರಮೆ ಎಂದುಕೊಂಡೆ. ಆದರೆ ಮುಂದೆ ಕೂತವರೆಲ್ಲ ಒಟ್ಟಿಗೆ ಕತ್ತೆತ್ತಿದರು. ನಾನು ಕೂತ ಡಬ್ಬಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಅದು ತಣ್ಣಗೆ, ಗಟ್ಟಿಯಾಗಿ, ನನ್ನ ಕೆಳಗೇ ಇತ್ತು. ಸದ್ದು ಹೊಳೆಯ ಕಡೆಯಿಂದ ಬಂದು ತಲೆಯ ಮೇಲೆ ಹಾದು ರಂಗದ ಮೇಲೆ ನಿಂತಿತು. ನನ್ನ ಗಂಡ ಬಾಳೆಯವರನ್ನು ನೋಡಲೇ ಇಲ್ಲ. ನಿಧಾನವಾಗಿ ಮುಖವೆತ್ತಿದರು. ಆಮೇಲೆ ಬಿದ್ದರು. ಹೀಗೆ ಅವರು ಯಾವ ಆಟದಲ್ಲೂ ಬಿದ್ದಿರಲಿಲ್ಲ, ಮೊಳೆ ಕಿತ್ತಾಗ ಗೋಡೆಯ ಅಂಗಿ ಬೀಳುವ ಹಾಗೆ.

ಪರದೆ ಹಿಡಿದರು. ನಾನು ರಂಗದ ಅಂಚಿಗೆ ಓಡಿದೆ. ಎದೆಯ ಮೇಲೆ ಕೆಂಪು ಧೂಳು ಹರಡಿತ್ತು. ಹಳೆಯ ಆಟದ್ದು ಮಡಿಕೆಯಲ್ಲಿ ಉಳಿದಿರಬಹುದು ಎಂದು ಮಾಸ್ತರರು ಇವತ್ತಿಗೂ ಹೇಳುತ್ತಾರೆ. ಆ ನಿಲುವಂಗಿಯನ್ನು ಹಿಂದಿನ ದಿನ ಒಗೆದು, ಇಸ್ತ್ರಿ ಮಾಡಿ, ಮಡಿಚಿದವಳು ನಾನು.

‘ಜಲ್ದಿ ಎಬ್ಬಸ್ರಿ ಅವರ್ನ’ ಎಂದು ಬಾಳೆಯವರಿಗೆ ಹೇಳಿದೆ. ಅವರು ಕತ್ತಿ ಕೆಳಗಿಟ್ಟರು.

‘ನಾ ಹೊಡದಿಲ್ಲಕ್ಕ. ಹೆಸರೂ ಹೇಳಿಲ್ಲ. ನಾ ಹೆಂಗ ಎಬ್ಬಸ್ಲಿ?’

ವಿಡಿಯೋದವರ ಕಡೆ ತಿರುಗಿದೆ. ಅವರು ಎರಡೂ ಖಾಲಿ ಕೈ ತೋರಿಸಿದರು. ‘ನಿಮ್ಮ ಬುಡಕ ಇತ್ತಲ್ಲಕ್ಕ ಡಬ್ಬಿ. ನಾ ಏನ್ ಹಾರಸ್ಲಿ?’

ಬಿದ್ದಲ್ಲೇ ಮಲಗಿದ್ದವರ ಕಣ್ಣು ತೆರೆದಿತ್ತು. ರೆಪ್ಪೆ ಆಡುತ್ತಿರಲಿಲ್ಲ. ತುಟಿ ಮಾತ್ರ ಸ್ವಲ್ಪ ಅಲುಗಿತು.

‘ಯಾರಲ್ಲಿ?’

ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಬಾಳೆಯವರಲ್ಲ, ವಿಡಿಯೋದವರಲ್ಲ, ಡಬ್ಬಿಯೊಳಗೆ ಮಲಗಿದ್ದ ಯಂತ್ರವೂ ಅಲ್ಲ. ಮತ್ತೆ ಇಷ್ಟು ಸಲ ಈ ಮನುಷ್ಯನನ್ನು ಹೊಡೆದವರು ಯಾರು? ಉತ್ತರ ನನ್ನ ಗಂಟಲಲ್ಲೇ ಇತ್ತು. ಅದು ಅಲ್ಲಿ ಬಹಳ ದಿನಗಳಿಂದ ಇತ್ತೆಂದು ಈಗ ಅನ್ನಿಸುತ್ತದೆ.

ನಮ್ಮ ಮೇಳದಲ್ಲಿ ಹೆಂಗಸರು ಬರೆಯಬಹುದು, ಹೊಲಿಯಬಹುದು, ರಂಗ ಹತ್ತುವಂತಿಲ್ಲ. ‘ತಂಗಿ, ಬ್ಯಾಡ’ ಎಂದು ಮಾಸ್ತರರು ಕೈ ಅಡ್ಡ ತಂದರು. ಆ ಕೈ ಸರಿಸಿ ಹತ್ತಿದೆ. ಅವರ ಎದುರಿಗೆ, ಅವರಿಗೆ ನನ್ನ ಮುಖ ಕಾಣುವ ಹಾಗೆ ನಿಂತೆ. ಗಟ್ಟಿಯಾಗಿ ನನ್ನ ಹೆಸರು ಹೇಳಿದೆ. ನನ್ನ ಅಪ್ಪನ ಹೆಸರು ಹೇಳಿದೆ. ಆಮೇಲೆ ಆಯುಧದ ಹೆಸರು.

‘ಪೆನ್ನು’ ಅಂದೆ. ‘ನಾನ ರೀ ಹೊಡದಾಕಿ. ಅಷ್ಟೂ ಸಲ ನಾನ. ಏಳ್ರಿ, ಆಟ ಮುಗೀತು. ಮನಿಗೆ ನಡ್ರಿ.’

ಬಲಗೈ ಚಾಚಿದೆ. ಮೇಲೆ ಇನ್ನೂ ಏನೋ ಗುಂಯ್ ಅನ್ನುತ್ತಿತ್ತು. ನಾನು ಕತ್ತೆತ್ತಲಿಲ್ಲ. ಅವರ ಕಣ್ಣು ಆಕಾಶದಿಂದ ಇಳಿದು ನನ್ನ ಮುಖಕ್ಕೆ ಬಂತು. ತಣ್ಣನೆಯ ಕೈಯೊಂದು ನನ್ನ ಕೈ ಹಿಡಿಯಿತು. ಅಷ್ಟು ಭಾರದ ಕೈಯನ್ನು ನಾನು ಎಂದೂ ಎತ್ತಿರಲಿಲ್ಲ. ಎಳೆದೆ. ಎದ್ದು ಕೂತರು. ಸೆರಗಿನ ಅಂಚಿನಿಂದ ಹಣೆ ಒರೆಸಿದೆ. ಎಣ್ಣೆಗೂ ಸೀಗೆಗೂ ಜಗ್ಗದಿದ್ದ ಕೆಂಪು ಒಂದೇ ಸಲಕ್ಕೆ ಸೆರಗಿಗೆ ಬಂತು.

‘ನೀನಾ?’ ಅಂದರು, ನನ್ನ ಗಂಡನ ದನಿಯಲ್ಲಿ. ಕತ್ತು ಹಿಡಿದುಕೊಂಡು ಮುಖ ಕಿವುಚಿದರು. ‘ಮೊದ್ಲ ಹೇಳಬಾರ್ದೇನಲೇ? ಮ್ಯಾಲೆ ನೋಡಿ ನೋಡಿ ನನ್ನ ಕುತಿಗಿ ಹೋತು.’